ನಿಂತಲ್ಲಿ ನಿಲ್ಲದ ರತ್ನಕ್ಕ

ರತ್ನಕ್ಕ ಕೂತಿದ್ದನ್ನು ಕಂಡವರು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಇರಲಿಲ್ಲ. ಅವರ ಗಂಡ ಮುನಿಯಪ್ಪಣ್ಣನದು ಶಾಮಿಯಾನದ ಅಂಗಡಿ. ಸಾರಕ್ಕಿಯಿಂದ ಹಿಡಿದು ಕುಮಾರಸ್ವಾಮಿ ಲೇಔಟ್‌ವರೆಗೆ ಯಾರ ಮನೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಜನ ಕೂರುತ್ತಿದ್ದದ್ದು ಅವರು ಕಳಿಸಿದ ಕುರ್ಚಿಗಳ ಮೇಲೆ. ಊರಿಗೆಲ್ಲ ಕುರ್ಚಿ ಕೊಡುವ ಮನುಷ್ಯನ ಹೆಂಡತಿಗೆ ಮಾತ್ರ ಕುರ್ಚಿಯ ಋಣವಿರಲಿಲ್ಲ. ಬೆಳಗ್ಗೆ ಮೋಟರ್ ಹಾಕಲು ಮೂರನೇ ಮಹಡಿ, ಹಾಲಿನವನ ಜೊತೆ ಜಗಳಕ್ಕೆ ಗೇಟು, ಬಟ್ಟೆ ಒಣಹಾಕಲು ಟೆರೇಸು, ಕಸದ ಗಾಡಿಯವನನ್ನು ತಡೆಯಲು ರಸ್ತೆಯ ತುದಿ. ಮೆಟ್ಟಿಲ ಮೇಲೆ ಬೀಗದ ಕೈ ಗೊಂಚಲಿನ ಸದ್ದು ಕೇಳಿದರೆ ಬಾಡಿಗೆದಾರರೆಲ್ಲ ನಲ್ಲಿ ಭದ್ರವಾಗಿ ನಿಲ್ಲಿಸುತ್ತಿದ್ದರು.

ಹೀಗೆ ದಿನವಿಡೀ ಏರಿ ಇಳಿದು ಓಡಾಡುವ ಹೆಂಗಸು ಕಡ್ಡಿಯ ಹಾಗಿರಬೇಕಲ್ಲವೇ? ರತ್ನಕ್ಕನ ತೂಕ ತೊಂಬತ್ತರ ಆಸುಪಾಸು. ವಯಸ್ಸು ಐವತ್ತಕ್ಕೆ ಎರಡು ಕಮ್ಮಿ. ನಡೆದು ಬಂದರೆ ಮೊದಲು ಬಲಭುಜ ಬರುತ್ತಿತ್ತು, ಅದರ ಹಿಂದೆ ಹೊಟ್ಟೆ, ಹೊಟ್ಟೆಯ ಹಿಂದೆ ರತ್ನಕ್ಕ. ಎರಡು ಕೈಯೂ ಮೈಯಿಂದ ಅಷ್ಟು ದೂರ, ಕಾಣದ ಎರಡು ಬಿಂದಿಗೆ ಹಿಡಿದಿರುವ ಹಾಗೆ. ನಾಲ್ಕು ಹೆಜ್ಜೆಗೊಂದು "ಉಸ್ಸಪ್ಪಾ". ಅದು ಆಯಾಸದ ಉಸಿರಲ್ಲ, ಯಾರನ್ನೋ ಗದರಿಸುವ ಉಸಿರು.

ಇದನ್ನೆಲ್ಲ ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತಿದ್ದೇನೆಂದರೆ, ರತ್ನಕ್ಕ ನನ್ನ ಬೆಸ್ಟ್ ಐಟಂ. ನಾನು ಮಿಮಿಕ್ರಿ ಮಾಡುವವನು. ದೊಡ್ಡ ಕಲಾವಿದನೇನಲ್ಲ. ಹಗಲು ಜಯನಗರದ ಮೊಬೈಲ್ ಅಂಗಡಿಯೊಂದರಲ್ಲಿ ಗಾಜು ಅಂಟಿಸುತ್ತೇನೆ, ಸಂಜೆ ಬರ್ತ್‌ಡೇ ಪಾರ್ಟಿ, ಗಣೇಶನ ಪೆಂಡಾಲು ಎಲ್ಲಿ ಮೈಕ್ ಕೊಟ್ಟರೂ ಹಿಡಿಯುತ್ತೇನೆ. ಆಗ ನನ್ನ ಮೈಯಲ್ಲಿ ಮಾಂಸವೆಂಬುದು ಇರಲಿಲ್ಲ. ಪ್ಯಾಂಟು ಬೆಲ್ಟಿನ ಭರವಸೆಯ ಮೇಲೆ ನಿಂತಿರುತ್ತಿತ್ತು. ಅಂಥವನು ಹೊಟ್ಟೆಗೊಂದು ದಿಂಬು ಕಟ್ಟಿ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿ "ಯಾವನ್ಲಾ ಅವ್ನು ಗೇಟಿನ್ ಮುಂದೆ ಗಾಡಿ ನಿಲ್ಸಿರೋನು" ಎಂದು ಬಂದರೆ ನೋಡಿದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಒಂದು ಭಾನುವಾರ ಮೊದಲ ಮಹಡಿಯವರ ಮಗುವಿನ ಹುಟ್ಟುಹಬ್ಬ, ಟೆರೇಸಿನಲ್ಲಿ. ನಾನು ದಿಂಬು ಕಟ್ಟಿಕೊಂಡು ಆ ಗೋಡೆಯಿಂದ ಈ ಗೋಡೆಗೆ ರತ್ನಕ್ಕನಾಗಿ ನಡೆಯುತ್ತಿದ್ದೆ. ನಗು ಏರುತ್ತಿದ್ದದ್ದು ಒಮ್ಮೆಲೇ ನಿಂತಿತು. ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ತಿರುಗಿ ನೋಡಿದರೆ ಮೆಟ್ಟಿಲ ಬಾಗಿಲಲ್ಲಿ ಅಸಲಿ ರತ್ನಕ್ಕ.

"ಯಾಕ್ಲಾ ನಿಲ್ಲಿಸ್ಬಿಟ್ಟೆ? ಮಾಡು."

"ಆಂಟಿ, ಸುಮ್ನೆ ತಮಾಷೆಗೆ..."

"ಆಂಟಿ ಗೀಂಟಿ ಅಂದ್ರೆ ಬಾಡಿಗೆ ಏರಿಸ್ತೀನಿ, ಅಕ್ಕ ಅನ್ನು. ನಡಿ, ಆ ಕಡೆಯಿಂದ ಈ ಕಡೆಗೆ ಇನ್ನೊಂದ್ಸಲ."

ನಡೆದೆ. ಯಾರೂ ನಗಲಿಲ್ಲ. ಪ್ರೇಕ್ಷಕರು ನಗದಿದ್ದರೆ ಮಿಮಿಕ್ರಿಯವನು ದಿಂಬು ಕಟ್ಟಿಕೊಂಡ ಹುಚ್ಚನಷ್ಟೇ. ರತ್ನಕ್ಕ ಕಣ್ಣು ಕಿರಿದು ಮಾಡಿಕೊಂಡು, ಟೈಲರು ಅಳತೆ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಉಸಿರು ಇಷ್ಟು ಜೋರಾಗಿ ಬಿಡ್ತೀನಾ ನಾನು?"

"ಇನ್ನೂ ಸ್ವಲ್ಪ ಜೋರು ಅಕ್ಕ. ನಾನೇ ಕಮ್ಮಿ ಮಾಡಿದೀನಿ."

ರತ್ನಕ್ಕ ಮಗುವಿನ ಕೈಗೆ ನೋಟಿಟ್ಟು, ಹೋಗುವ ದಾರಿಯಲ್ಲೇ ಒಂದು ತುಂಡು ಕೇಕು ಬಾಯಿಗೆ ಹಾಕಿಕೊಂಡು, ಇಳಿದು ಹೋದರು. ಮನೆ ಖಾಲಿ ಮಾಡಿಸುತ್ತಾರೆಂದು ಅಮ್ಮ ನನ್ನನ್ನು ಬೈದ ಬೈಗುಳಕ್ಕೆ ಲೆಕ್ಕವಿಲ್ಲ.

ಮಾರನೆಯ ಬೆಳಗ್ಗೆ ಟ್ಯಾಂಕು ತೊಳೆಯಬೇಕು ಬಾ ಎಂದು ಟೆರೇಸಿಗೆ ಕರೆಸಿದರು. ಟ್ಯಾಂಕು ಆಗಲೇ ಲಕಲಕ ಎನ್ನುತ್ತಿತ್ತು. ರತ್ನಕ್ಕ ಅದರ ಸುತ್ತ ಸುತ್ತುತ್ತಲೇ ಮಾತು ಶುರುಮಾಡಿದರು.

"ನನ್ ತಮ್ಮ ಚಂದ್ರು ಗೊತ್ತಲ್ಲ, ಅಂಜನಾಪುರದೋನು. ಅವನ ಲಿವರ್ ಕೆಟ್ಟೋಗೈತೆ. ಕುಡಿದೂ ಕುಡಿದೂ ಅಂತ ಜನ ಆಡ್ಕೊಂತಾರೆ. ಒಂದು ತೊಟ್ಟು ಮುಟ್ಟಿದೋನಲ್ಲ ಅವ್ನು. ಬೇರೆಯೋರ್ದು ಒಂದು ತುಂಡು ಹಾಕಿದ್ರೆ ಬದುಕ್ತಾನಂತೆ. ನಂದು ಕೊಡ್ತೀನಿ ಅಂತ ಹೋದೆ. ಎಲ್ಲಾ ಕೂಡಿ ಬಂತು. ಆಮೇಲೆ ಆ ಡಾಕ್ಟ್ರು, ‘ಅಮ್ಮಾ, ನಿಮ್ ಲಿವರ್ ತುಂಬಾ ಕೊಬ್ಬು ಕೂತಿದೆ, ಹಿಂಗಿದ್ರೆ ತಗೊಳ್ಳಕ್ಕಾಗಲ್ಲ, ಇಳಿಸ್ಕೊಂಡು ಬನ್ನಿ’ ಅಂದ."

"ಅಕ್ಕ, ಕೊಯ್ದು ಕೊಟ್ರೆ ನಿಮಗೇನೂ ಆಗಲ್ವಾ?"

"ಮತ್ತೆ ಚಿಗುರ್ತದಂತೆ ಕಣ್ಲಾ. ನುಗ್ಗೆ ಮರ ಇದ್ದಂಗೆ." ಸುತ್ತುವುದನ್ನು ನಿಲ್ಲಿಸಿ ನನ್ನ ಮುಂದೆ ಬಂದರು. "ನಮ್ಮೆಜಮಾನ್ರಿಗೆ ಹೇಳಿಲ್ಲ. ಹೇಳಿದ್ರೆ ಬಿಡಲ್ಲ. ಚಂದ್ರೂಗೂ ಹೇಳಿಲ್ಲ, ಅವ್ನ ಹೆಂಡ್ತಿಗೆ ಮಾತ್ರ ಗೊತ್ತು. ನಾನು ಇಳೀಲಿಲ್ಲ ಅಂದ್ರೆ ಅವನಿಗ್ಯಾಕೆ ಆಸೆ ತೋರಿಸ್ಬೇಕು? ನಾಳೆಯಿಂದ ಕೆರೆ ಹತ್ರ ವಾಕಿಂಗು. ನೀನೂ ಬತ್ತೀಯ."

"ನಾನ್ಯಾಕಕ್ಕ? ನಾನು ಇನ್ನೂ ಇಳಿದ್ರೆ ಕಾಣದೇ ಹೋಗ್ತೀನಿ."

"ನಾನೊಬ್ಳೇ ಹೊರಟ್ರೆ ಇವ್ರು ಯಾಕೆ ಏನು ಅಂತಾರೆ. ನಿಂಗೇ ಡಾಕ್ಟ್ರು ವಾಕಿಂಗ್ ಹೇಳವ್ರೆ, ನಾಯಿ ಭಯ, ಜೊತೆಗೆ ನಾನು ಹೋಯ್ತೀನಿ ಅಂತ ಹೇಳಿದೀನಿ."

ಅವತ್ತು ಸಂಜೆಯ ಹೊತ್ತಿಗೆ ಇಡೀ ರಸ್ತೆಗೆ ನಾನು ರೋಗಿಯಾಗಿದ್ದೆ. "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಶುಗರಂತೆ" ಎಂದು ಎದುರುಮನೆಯವರು ಹಾಗಲಕಾಯಿ ತಂದುಕೊಟ್ಟರು. ನನಗೊಂದು ಹುಡುಗಿ ನೋಡಿದ್ದ ಗಿರಿನಗರದ ಸಂಬಂಧಿಕರು ಜಾತಕ ವಾಪಸ್ ಕಳಿಸಿದರು. ಹುಡುಗಿಗೆ ಅದೃಷ್ಟವಿತ್ತು.

ಸಾರಕ್ಕಿ ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ಐವತ್ತು ದಾಟಿದ ಹೊಟ್ಟೆಗಳದೇ ದರಬಾರು. ಒಂದು ಸುತ್ತು ನಡೆದು, ಗೇಟಿನಾಚೆ ಖಾರಾಬಾತಿನ ಮುಂದೆ ಅದನ್ನು ಮರೆತುಬಿಡುವ ನಿವೃತ್ತರು. ಕೈ ಬೀಸುವ ರಭಸಕ್ಕೆ ಪಕ್ಕದವರ ಕನ್ನಡಕ ಹಾರಿಸುವ ಮೇಷ್ಟರು. ಸೀರೆಯ ಕೆಳಗೆ, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಗುಲಾಬಿ ಲೇಸಿನ ಬೂಟು ಹಾಕಿಕೊಂಡು ನಮ್ಮ ರತ್ನಕ್ಕ. ಪಕ್ಕದಲ್ಲಿ ಅವರ ನೆರಳಿಗಿಂತ ತೆಳ್ಳಗಿದ್ದ ನಾನು.

ತೊಂದರೆಯೆಂದರೆ ರತ್ನಕ್ಕನಿಗೆ ಸುಮ್ಮನೆ ನಡೆಯಲು ಬರುತ್ತಿರಲಿಲ್ಲ. ಅವರಿಗೆ ನಡಿಗೆಯೆಂದರೆ ಯಾವುದೋ ಕೆಲಸಕ್ಕೆ ಹೋಗುವುದು. ಕೆಲಸವಿಲ್ಲದೆ ಹೊರಟ ಕಾಲು ದಾರಿಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿತ್ತು. ಸೋರುವ ನಲ್ಲಿ ಕಂಡರೆ ತಿರುಗಿಸಬೇಕು. ಪೂಜೆಯ ಹೂವು ಕವರಿನ ಸಮೇತ ನೀರಿಗೆ ಎಸೆಯಲು ಬಂದವರಿಗೆ, "ಏನ್ ಸಾರ್, ದೇವ್ರು ಪ್ಲಾಸ್ಟಿಕ್ಕು ಕೇಳಿದ್ನಾ?" ಬೆಂಚಿನ ಮೇಲೆ ಕಾಲು ಚಾಚಿದ ಹುಡುಗರಿಗೆ, "ಎದ್ದೇಳ್ರೋ, ಮೊಣಕಾಲು ನೋವಿನೋರು ಕೂರ್ಲಿ." ಹತ್ತು ಹೆಜ್ಜೆಗೊಂದು ಪಂಚಾಯಿತಿ.

"ಅಕ್ಕ, ಹಿಂಗೆ ನಿಂತು ನಿಂತು ಹೋದ್ರೆ ಕೊಬ್ಬು ಕರಗಲ್ಲ. ಜನಕ್ಕೆ ನಿಮ್ಮ ಮೇಲೆ ಕೋಪ ಮಾತ್ರ ಏರುತ್ತೆ."

"ನೀನ್ಯಾವನ್ಲಾ ನಂಗೆ ಹೇಳೋಕೆ, ಕೊಡೆ ಕಡ್ಡಿ. ಇದು ನಮ್ಮ ಕೆರೆ." ಬಿರುಸಾಗಿ ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಧಾನಿಸಿದರು. "ಇಲ್ಲೇ ಎಮ್ಮೆ ಬಿಟ್ಕೊಂಡು ಬರ್ತಿದ್ದೆ. ಆ ಎತ್ತರದ ಬಿಲ್ಡಿಂಗ್ ಐತಲ್ಲ, ಅಲ್ಲಿ ನಮ್ಮ ರಾಗಿ ಹೊಲ. ಅವ್ವ ಹೋದಾಗ ಚಂದ್ರು ಇನ್ನೂ ತೊಟ್ಟಿಲ ಕೂಸು. ಎಮ್ಮೆ ಮೇಯಿಸೋಕೆ ಬಂದ್ರೂ ಕಂಕುಳಲ್ಲಿ ಅವ್ನೇ. ಇಳಿಸಿದ್ರೆ ಅಳ್ತಿದ್ದ, ಎತ್ಕೊಂಡು ನಡೆದ್ರೆ ಸುಮ್ಕಾಗ್ತಿದ್ದ. ನಿಂತ್ರೂ ಅಳು. ಅವತ್ತಿಂದ ನಿಂತಿಲ್ಲ ನೋಡು ನಾನು."

ಇದನ್ನು ಅವರು ದುಃಖದಿಂದೇನೂ ಹೇಳಲಿಲ್ಲ. ಹೇಳುತ್ತಲೇ ಒಂದು ಬೈಕನ್ನು ಹಾದಿಯಿಂದ ಪಕ್ಕಕ್ಕೆ ತಳ್ಳಿದರು.

ಆಷಾಢದ ಗಾಳಿಯಲ್ಲಿ ದಿನ ತಪ್ಪದೆ ನಡೆದೆವು. ಎರಡು ವಾರವಾದರೂ ತೂಕದ ಮಿಷನ್ನಿನ ಮುಳ್ಳು ಅಲ್ಲಾಡಲಿಲ್ಲ. ರತ್ನಕ್ಕ ಮಿಷನ್ನಿನ ಮೇಲೆ ನಿಂತು ಅದಕ್ಕೇ ಬೈಯುತ್ತಿದ್ದರು. "ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂದ್ಲೋಟ ಮಜ್ಜಿಗೆ. ಎಲ್ಲಿಂದ ಬತ್ತದೆ ಈ ಮೈ?"

ರಹಸ್ಯ ಬಯಲು ಮಾಡಿದ್ದು ನನ್ನಮ್ಮ. ಅಮ್ಮ ಪ್ರೈಮರಿ ಶಾಲೆಯ ಟೀಚರು. ನಲವತ್ತು ಮಕ್ಕಳಲ್ಲಿ ಯಾರ ಬಾಯಲ್ಲಿ ಪೆಪ್ಪರ್‌ಮಿಂಟ್ ಇದೆಯೆಂದು ಬೋರ್ಡಿನ ಕಡೆ ತಿರುಗಿದ್ದರೂ ಅವಳಿಗೆ ಗೊತ್ತಾಗುತ್ತದೆ. ವಾಕಿಂಗಿನ ಗುಟ್ಟು ಅವಳಿಂದ ಬಚ್ಚಿಡಲು ನನಗೆ ಎರಡು ದಿನವೂ ಆಗಿರಲಿಲ್ಲ. ಒಂದು ಸಂಜೆ ರತ್ನಕ್ಕ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿದ್ದ ನಿಪ್ಪಟ್ಟು ಮುಗಿದಿತ್ತು.

"ರತ್ನಮ್ಮ, ಈಗ ಎಷ್ಟು ನಿಪ್ಪಟ್ಟು ತಿಂದ್ರಿ?" ಅಮ್ಮ ಕೇಳಿದಳು.

"ಎಲ್ಲಿ ತಿಂದೆ? ಸುಮ್ನೆ ಬಾಯಾಡಿಸ್ದೆ."

"ಮಧ್ಯಾಹ್ನ ಮುದ್ದೆ ಒಂದೇ ಅಂದ್ರಿ. ಪಾತ್ರೆಯಲ್ಲಿ ಉಳಿದದ್ದು ಯಾರು ತಿಂದ್ರು?"

"ಚೆಲ್ಲಕ್ಕಾಗ್ತದಾ? ತೊಳೆಯೋವಾಗ ನಾನೇ ಒರೆಸಿ ಬಾಯಿಗೆ ಹಾಕ್ಕೊಂಡೆ."

ಗಂಡನಿಗೆ ಬಡಿಸುವಾಗ ಒಂದು ತುತ್ತು, ಅಂಗಡಿಯ ಹುಡುಗರಿಗೆ ಬುತ್ತಿ ಕಟ್ಟುವಾಗ ಎರಡು, ಬಾಡಿಗೆದಾರರು ಕೊಟ್ಟ ಹಬ್ಬದ ತಿಂಡಿ ಮೆಟ್ಟಿಲ ಮೇಲೆ. ನಿಂತು ತಿಂದದ್ದನ್ನು ರತ್ನಕ್ಕ ಯಾವತ್ತೂ ಊಟವೆಂದು ಎಣಿಸಿರಲೇ ಇಲ್ಲ. ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಒಲೆಯ ಪಕ್ಕ ನಿಂತೇ ಉಣ್ಣುವುದು ಅವರು ಹುಟ್ಟಿದ ಮನೆಯ ರೂಢಿ, ಸೇರಿದ ಮನೆಯದೂ ಅದೇ. ಅಮ್ಮ ಕಾಯಿದೆ ಹೊರಡಿಸಿದಳು: ಏನೇ ತಿಂದರೂ ಕೂತು ತಿನ್ನಬೇಕು, ತಟ್ಟೆಯಲ್ಲಿ ಹಾಕಿಕೊಂಡು ತಿನ್ನಬೇಕು, ನಿಂತಾಗ ಬಾಯಿಗೆ ಬೀಗ.

ಕೂರುವುದು ರತ್ನಕ್ಕನಿಗೆ ನಡೆಯುವುದಕ್ಕಿಂತ ಕಷ್ಟವಾಯಿತು. ನಮ್ಮ ನಡುಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು, ಇಂಜೆಕ್ಷನ್‌ಗೆ ಕಾಯುವ ಮಗುವಿನಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಒಂದು ಕಾಲು ಆಗಲೇ ಬಾಗಿಲ ಕಡೆ. "ಆಯ್ತಾ ಟೀಚರ್? ಏಳ್ಲಾ?" "ಇನ್ನೂ ಪಲ್ಯ ಇದೆ, ಅಗಿದು ತಿನ್ನಿ." "ಥೂ, ಕೂತ್ಕೊಂಡು ತಿಂದ್ರೆ ಊಟ ಎಷ್ಟು ಉದ್ದ!" ಶ್ರಾವಣ ಬರುವ ಹೊತ್ತಿಗೆ ಮುಳ್ಳು ಹಿಂದೆ ಸರಿಯತೊಡಗಿತು.

ಪ್ರತಿ ಭಾನುವಾರ ಟೆರೇಸಿನಲ್ಲಿ ನನ್ನ ಪರೀಕ್ಷೆ. "ಎಲ್ಲಿ, ಈ ವಾರದ ನನ್ನ ತೋರ್ಸು." ಮಿಷನ್ನಿಗಿಂತ ನನ್ನ ಸೊಂಟದ ಮೇಲೆ ಅವರಿಗೆ ನಂಬಿಕೆ. ನಾನು ನಡೆದು ತೋರಿಸುತ್ತಿದ್ದೆ, ಅವರು ನನ್ನ ಸುತ್ತ ಸುತ್ತುತ್ತ ತಕರಾರು ಮಾಡುತ್ತಿದ್ದರು. "ಕೈ ಅಷ್ಟು ದೂರ ಇಲ್ಲ ಈಗ, ಮೈಗೆ ತಾಗ್ತದೆ ನೋಡು." ನಿಜವೇ. ಮೊದಲು ದಿಂಬು ಹೋಯಿತು. ಆಮೇಲೆ "ಉಸ್ಸಪ್ಪಾ" ಹೋಯಿತು. ಬಲಭುಜದ ಸವಾರಿಯೂ ನಿಂತಿತು. ಗಣೇಶನ ಪೆಂಡಾಲಿನಲ್ಲಿ ನಾನು ಹಳೆಯ ರತ್ನಕ್ಕನನ್ನು ಮಾಡಿದರೆ ಒಬ್ಬ, "ಗುರು, ಯಾರಿದು?" ಅಂದ. ನನ್ನ ಕಣ್ಣೆದುರೇ ನನ್ನ ಬೆಸ್ಟ್ ಐಟಂ ಕರಗುತ್ತಿತ್ತು.

ಅಷ್ಟರಲ್ಲಿ ಪಕ್ಷ ಬಂತು. ಹಿರಿಯರಿಗೆ ಎಡೆಯಿಡುವ ಆ ಹದಿನೈದು ದಿನ ಹಳೇ ಊರಿನ ಮನೆತನಗಳಲ್ಲಿ ತಪ್ಪಿಸಿಕೊಳ್ಳಲಾಗದ ಊಟ. ಇವತ್ತು ಚಿಕ್ಕಪ್ಪನ ಮನೆ, ನಾಳೆ ಸೋದರತ್ತೆ ಮನೆ, ಎಲ್ಲೆಲ್ಲೂ ಮಟನ್ ಸಾರು, ಕೈಮಾ ಉಂಡೆ, ಮೇಲೆ ಒಬ್ಬಟ್ಟು. ಎಲೆಯಲ್ಲಿ ಬಿಟ್ಟರೆ ಸತ್ತವರಿಗೂ ಅವಮಾನ, ಬದುಕಿದವರಿಗೂ ಅವಮಾನ. ಚಂದ್ರು ಮನೆಯ ಪಕ್ಷಕ್ಕೆ ರತ್ನಕ್ಕ ನನ್ನನ್ನೂ ಎಳೆದುಕೊಂಡು ಹೋದರು. "ನೀವು ಲಿಂಗ ಕಟ್ಟೋ ಜನ. ನಿನ್ನೆಲೆಗೆ ಅನ್ನ ತಿಳಿಸಾರು ಹಾಕ್ತಾರೆ. ನಾನು ಪಕ್ಕದಲ್ಲಿ ಕೂತು ಅದ್ರಲ್ಲೇ ತಪ್ಪಿಸ್ಕೊಂತೀನಿ."

ತಪ್ಪಿಸಿಕೊಳ್ಳಲು ಅವರ ದೊಡ್ಡಮ್ಮ ಬಿಡಲಿಲ್ಲ. ಸೌಟು ಹಿಡಿದು ಎಲೆಯ ಮುಂದೆ ನಿಂತಿತು ಮುದುಕಿ. "ಏನೇ ರತ್ನಾ, ಬಾಡು ಮುಟ್ಟಲ್ವಾ? ಹಿರೀಕರ ಎಡೆ ಕಣೇ."

"ಹರಕೆ ಹೊತ್ತಿದೀನಿ ದೊಡ್ಡಮ್ಮ."

"ಯಾವ್ ದೇವ್ರಿಗೆ?"

ರತ್ನಕ್ಕ ನನ್ನ ಮುಖ ನೋಡಿದರು. ನಾನು ಉಪ್ಪಿನಕಾಯಿ ನೋಡಿದೆ. "ಕಬ್ಬಾಳಮ್ಮಂಗೆ" ಎಂದುಬಿಟ್ಟರು.

ಸೌಟು ಹಿಂದೆ ಸರಿಯಿತು. ದೊಡ್ಡಮ್ಮ ಕೈ ಮುಗಿಯಿತು. ರತ್ನಕ್ಕ ಗೆದ್ದೆನೆಂದುಕೊಂಡರು. ಎಲೆಯ ಸಾಲಿನ ತುದಿಯಲ್ಲಿ ಗೋಡೆಗೊರಗಿ ಕೂತಿದ್ದ ಚಂದ್ರು ಅಷ್ಟು ಹೊತ್ತೂ ಅಕ್ಕನನ್ನೇ ನೋಡುತ್ತಿದ್ದ. ಕಣ್ಣು ಅರಿಶಿನ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿತ್ತು. ಕೈ ತೊಳೆಯಲು ಎದ್ದಾಗ ಅಕ್ಕನ ಮುಂಗೈ ಹಿಡಿದುಕೊಂಡ. ಹೆಬ್ಬೆರಳೂ ಕಿರುಬೆರಳೂ ಒಂದಕ್ಕೊಂದು ತಾಗುತ್ತವೆಯೇ ಎಂದು ಸುತ್ತಿ ನೋಡಿದ.

"ಅಕ್ಕಾ, ಏನಿದು ಇಷ್ಟು ಇಳ್ದೋಗಿದ್ಯ? ಶುಗರ್ ಗಿಗರ್ ಬಂತಾ? ನಂಗೆ ಹೇಳ್ದೆ ಮುಚ್ಚಿಡ್ಬೇಡ. ನಾಳೆನೇ ಟೆಸ್ಟ್ ಮಾಡ್ಸು."

"ನಿನ್ ನೋಡಿ ನೋಡಿ ಇಳ್ದೋದೆ ಕಣೋ, ಮುಚ್ಕೊಂಡು ಮಜ್ಜಿಗೆ ಕುಡಿ," ಎಂದು ಕೈ ಬಿಡಿಸಿಕೊಂಡು, ಯಾರೂ ಕೇಳದಿದ್ದರೂ ಹಂಡೆ ಎತ್ತಿಡಲು ಹಿತ್ತಲಿಗೆ ಹೋದರು. ಹಂಡೆಯನ್ನು ಮೂರು ಕಡೆ ಇಟ್ಟು ಮೂರು ಸಲ ಎತ್ತಿದರು.

ಹರಕೆಯ ಫಲ ಮಾರನೆಯ ದಿನದಿಂದಲೇ ಶುರುವಾಯಿತು. ರತ್ನ ಹರಕೆ ಹೊತ್ತವಳೆ ಎಂಬ ಸುದ್ದಿ ನೆಂಟರಿಗೆಲ್ಲ ಮುಟ್ಟಿತು. ಬಾಡು ಉಣ್ಣಿಸಲಾಗದವರೆಲ್ಲ ಪ್ರಸಾದ ಹಿಡಿದು ಬಂದರು. ತುಪ್ಪ ಜಿನುಗುವ ತಂಬಿಟ್ಟು, ದ್ರಾಕ್ಷಿ ಗೋಡಂಬಿಯ ಸಿಹಿ ಪೊಂಗಲು, ಕಾಯಿ ಕಡುಬು. ಮಟನ್ ಬೇಡ ಎನ್ನಬಹುದು, ಪ್ರಸಾದ ಬೇಡ ಎನ್ನುವ ಹಾಗಿಲ್ಲ. ಅವರು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗಿಟ್ಟು ಮಿಕ್ಕದ್ದನ್ನು ನನ್ನ ಕೈಗೆ ದಾಟಿಸುತ್ತಿದ್ದರು. ಅಕ್ಕ ಇಳಿದಷ್ಟೂ ನಾನು ಏರಿದೆ. ನನ್ನ ಪ್ಯಾಂಟುಗಳು ಮೊದಲ ಸಲ ಸ್ವಂತ ಬಲದಿಂದ ನಿಂತವು.

"ಆ ತಾಯಿ ಹೆಸ್ರಲ್ಲಿ ಸುಳ್ಳು ಹೇಳ್ಬಿಟ್ಟೆ ಕಣ್ಲಾ," ಎಂದರು ಒಂದು ಬೆಳಗ್ಗೆ ಕೆರೆಯ ಹತ್ತಿರ. "ಇನ್ಮೇಲೆ ನಿಜ ಮಾಡ್ಬೇಕು. ಚಂದ್ರು ಆಪರೇಷನ್ ಆಗಿ ಮನೆಗೆ ಬರೋಗಂಟ ಬಾಡು ಮುಟ್ಟಲ್ಲ." ಅಷ್ಟು ಹೇಳಿ ನಡಿಗೆಯನ್ನು ಎಷ್ಟು ಜೋರು ಮಾಡಿದರೆಂದರೆ ನಾನು ಓಡಬೇಕಾಯಿತು.

ದಸರಾ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಸ್ಕ್ಯಾನ್ ನೋಡಿದ ಡಾಕ್ಟರು ಎದ್ದು ನಿಂತು ಕೈ ಕುಲುಕಿದರಂತೆ. ರತ್ನಕ್ಕ ಅದನ್ನು ನನಗೆ ಮಾಡಿ ತೋರಿಸಿದರು, ಕನ್ನಡಕ ಏರಿಸುವುದೂ ಸೇರಿದಂತೆ. ನನ್ನ ಹೊಟ್ಟೆಪಾಡಿಗೇ ಕೈಹಾಕುವಷ್ಟು ಚೆನ್ನಾಗಿ ಮಾಡಿದರು. ದೀಪಾವಳಿಯ ಮಾರನೆಯ ವಾರ ಆಪರೇಷನ್ ಎಂದು ಗೊತ್ತಾಯಿತು. ಆದರೆ ಗಂಡನ ಒಪ್ಪಿಗೆಯ ಸಹಿ ಬೇಕು ಅಂದರು ಆಸ್ಪತ್ರೆಯವರು.

ನನ್ನನ್ನು ಸಾಕ್ಷಿಗೆಂಬಂತೆ ಕರೆದುಕೊಂಡು ಶಾಮಿಯಾನದ ಅಂಗಡಿಗೆ ಹೋದರು. ಮುನಿಯಪ್ಪಣ್ಣ ಕುರ್ಚಿಗಳನ್ನು ಒಂದರೊಳಗೊಂದು ಇಳಿಸಿ ಜೋಡಿಸುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ರತ್ನಕ್ಕ ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ನಂಗೊಂದು ಮಾತು ಹೇಳ್ಬೇಡ್ವಾ?" ಎಂದರು ಮುನಿಯಪ್ಪಣ್ಣ.

"ಹೇಳಿದ್ರೆ ಬ್ಯಾಡ ಅಂತಿದ್ರಿ."

"ಅಂತಿದ್ದೆ."

"ಅದ್ಕೇ ಹೇಳ್ಲಿಲ್ಲ."

ಅವರು ಇನ್ನೆರಡು ಕುರ್ಚಿ ಜೋಡಿಸಿದರು. ನನ್ನ ಕಡೆ ತಿರುಗಿ, "ನಿಂಗೆ ಶುಗರ್ ಇಲ್ವಾ ಹಂಗಾದ್ರೆ?" ಎಂದರು. ಇಲ್ಲವೆಂದೆ. "ನಾನು ನಿಂಗೋಸ್ಕರ ನೇರಳೆ ಬೀಜ ಒಣಗಿಸ್ತಿದ್ನಲ್ಲೋ," ಎಂದು ತಲೆ ಕೊಡವಿದರು. ಆಮೇಲೆ ಜೋಡಿಸಿದ ಕಟ್ಟಿನಿಂದ ಒಂದು ಕುರ್ಚಿ ಹೊರಗೆಳೆದು, ಹೆಗಲ ಟವೆಲಿನಿಂದ ಒರೆಸಿ, ಹೆಂಡತಿಯ ಮುಂದಿಟ್ಟರು.

"ಕೂತ್ಕೊ. ನಿಂತ್ಕೊಂಡು ಹೇಳೋ ಮಾತಾ ಇದು?"

ರತ್ನಕ್ಕ ಕೂತರು. ಬಹಳ ಹೊತ್ತು ಏಳಲಿಲ್ಲ. ಸಹಿ ಆಯಿತು. ಅವತ್ತು ಸಂಜೆ ಚಂದ್ರುವಿಗೂ ಹೇಳಿದರು. ಅವನು ಫೋನಿನಲ್ಲಿ ಅತ್ತನಂತೆ. "ಅಳ್ತಾ ಕೂರ್ಬೇಡ, ಎದ್ದು ಎರಡು ಹೆಜ್ಜೆ ನಡೆದಾಡು," ಎಂದು ಇವರು ಬೈದರಂತೆ.

ದೀಪಾವಳಿಗೂ ಮೊದಲೇ ಚಂದ್ರುವಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಸೋಂಕು ರಕ್ತಕ್ಕೆ ಹೋಗಿದೆ, ಅದು ಇಳಿಯದೆ ಆಪರೇಷನ್ ಸಾಧ್ಯವಿಲ್ಲ ಎಂದರು. ಒಂದು ಬೆಳಗ್ಗೆ ನಾನೂ ಅಮ್ಮನೂ ಹೋದಾಗ ರತ್ನಕ್ಕ ಐ.ಸಿ.ಯು. ಮುಂದಿನ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಡಾಕ್ಟರು ಹೊರಗೆ ಬಂದೊಡನೆ ಅಡ್ಡಗಟ್ಟಿದರು.

"ಸಾರ್, ಇವತ್ತೇ ತಗೊಳ್ಳಿ. ರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ನಾನು. ಖಾಲಿ ಹೊಟ್ಟೇಲೇ ಬಂದಿದೀನಿ."

ಡಾಕ್ಟರು ಅವರ ಭುಜ ಮುಟ್ಟಿ ಏನೋ ಮೆಲ್ಲಗೆ ಹೇಳಿದರು. "ಹಂಗಲ್ಲ ಸಾರ್, ನೀವು ಹೇಳ್ದಂಗೇ ಇಳಿಸಿದೀನಲ್ಲ, ಎಲ್ಲಾ ಸರಿ ಐತೆ ಅಂದ್ರಲ್ಲ," ಎಂದು ಇವರು ಹೇಳುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಚಂದ್ರು ಹೋದ.

ಹನ್ನೊಂದನೆಯ ದಿನದ ಊಟಕ್ಕೆ ಕುರ್ಚಿ, ಪಾತ್ರೆ ಎಲ್ಲ ಮುನಿಯಪ್ಪಣ್ಣನ ಅಂಗಡಿಯದೇ. ರತ್ನಕ್ಕ ಎಲೆಯಿಂದ ಎಲೆಗೆ ಓಡಾಡಿ ಬಡಿಸಿದರು. ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ನಿಂತು, ಅನ್ನದ ತಪ್ಪಲೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಮ್ಮ ನೋಡಿದಳು. ಕೂರಿ ಅನ್ನಲಿಲ್ಲ.

ತಿಂಗಳು ಕಳೆದರೆ ಮತ್ತೆ ಮೊದಲಿನ ಮೈ ಬರುತ್ತದೆಂದು ನಾನು ಎಣಿಸಿದ್ದೆ. ಬರಲಿಲ್ಲ. ಅವರು ನಡೆಯುವುದನ್ನು ಬಿಡಲೇ ಇಲ್ಲ. ಬೆಳಗ್ಗೆ ನಾನು ಬೂಟು ಹಾಕಿಕೊಳ್ಳುವ ಮುಂಚೆಯೇ ಹೊರಟುಬಿಟ್ಟಿರುತ್ತಿದ್ದರು. ಕೆರೆಯ ಹತ್ತಿರ ಹೋಗಿ ಕೇಳಿದರೆ, "ಆಗಲೇ ಹೋದ್ರು" ಎನ್ನುತ್ತಿದ್ದರು ಮೇಷ್ಟರು. ನಲ್ಲಿ ಸೋರುತ್ತಲೇ ಇರುತ್ತಿತ್ತು. ಒಂದು ಸಲ ಮೆಟ್ಟಿಲಲ್ಲಿ ಸಿಕ್ಕಾಗ, "ಅಕ್ಕ, ಸಾಕು, ಇನ್ನೂ ಎಷ್ಟು ಇಳೀತೀರಿ?" ಅಂದೆ. "ಇಳಿಯೋಕಲ್ಲ ಕಣ್ಲಾ. ಕೂತ್ರೆ ಆಗಲ್ಲ" ಎಂದರು.

ಅಮ್ಮನ ಶಾಲೆ ಬದಲಾದದ್ದರಿಂದ ನಾವು ಆ ಬೇಸಿಗೆಯಲ್ಲಿ ಗಿರಿನಗರಕ್ಕೆ ಮನೆ ಬದಲಾಯಿಸಿದೆವು. ಸಾಮಾನು ಸಾಗಿಸಲು ಮುನಿಯಪ್ಪಣ್ಣನೇ ಟೆಂಪೋ ಕಳಿಸಿದರು. ರತ್ನಕ್ಕ ಮನೆಯಲ್ಲಿರಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ಕ್ರಾಸಿನ ಸಿಗ್ನಲ್ಲಿನಲ್ಲಿ. ಮೇಲೆ ಮೆಟ್ರೋ ಹೋಗುತ್ತಿತ್ತು, ಕೆಳಗೆ ಯಾವುದೂ ಹೋಗುತ್ತಿರಲಿಲ್ಲ. ನಾನು ಸ್ಕೂಟರ್ ಆರಿಸಿ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ, ಹಿಂದೆ ಬಸ್ಸಿಗೂ ಆಟೋಗೂ ನಡುವಿನ ಸಂದಿನಲ್ಲಿ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು, ತೆಳ್ಳಗಿನ ಹೆಂಗಸೊಬ್ಬಳು ನೇರ ನಡೆದುಬರುತ್ತಿದ್ದಳು. ಹತ್ತಿರ ಬರುವವರೆಗೂ ಗುರುತು ಸಿಗಲಿಲ್ಲ. ವರ್ಷಗಟ್ಟಲೆ ಆ ನಡಿಗೆ ಹಾಕಿ ಚಪ್ಪಾಳೆ ಗಿಟ್ಟಿಸಿದವನು ನಾನು!

"ಅಕ್ಕಾ!"

"ಏನ್ಲಾ, ಊದ್ಕೊಂಡಿದ್ಯಲ್ಲ," ಎಂದರು ನಿಲ್ಲದೆಯೇ. ಆಮೇಲೆ ನಿಂತರು. "ಟೀಚರ್ ಹೆಂಗವ್ರೆ?"

"ಚೆನ್ನಾಗಿದಾರೆ. ಎಲ್ಲಿಗಕ್ಕ, ಈ ಬಿಸಿಲಲ್ಲಿ?"

"ಅಂಜನಾಪುರಕ್ಕೆ. ಚಂದ್ರು ಮಗಳಿಗೆ ಪರೀಕ್ಷೆ ನಡೀತೈತೆ, ಒಂಚೂರು ಚಪಾತಿ ಪಲ್ಯ ಮಾಡ್ಕೊಂಡು ಹೋಗ್ತಿದೀನಿ."

"ಸಾರಕ್ಕಿಯಿಂದ ನಡ್ಕೊಂಡಾ? ಹತ್ತಿ ಅಕ್ಕ, ನಾನೂ ಆ ಕಡೆಗೇ ಹೋಗೋದು. ಸಿಗ್ನಲ್ ಬಿಟ್ರೆ ಹತ್ತು ನಿಮಿಷ."

ಅವರು ನನ್ನ ಸ್ಕೂಟರಿನ ಹಿಂದಿನ ಸೀಟು ನೋಡಿದರು. ಕೈಯಿಂದ ಒಮ್ಮೆ ಅದರ ಧೂಳು ಒರೆಸಿದರು. ಹತ್ತುತ್ತಾರೆ ಅಂದುಕೊಂಡೆ.

"ಬ್ಯಾಡ ಕಣ್ಲಾ. ಗಾಡೀಲಿ ಹೋದ್ರೆ ಬೇಗ ಹೋಗ್ಬಿಡ್ತೀನಿ," ಎಂದರು. "ಆ ಮನೆಗೆ ಬೇಗ ಹೋಗಿ ಏನ್ ಮಾಡ್ಲಿ?"

ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಹೊರಟರು. ಬಸ್ಸಿನ ಮುಂದಿನಿಂದ, ಒಬ್ಬ ಬೈಕಿನವನ ಹಿಂದಿನಿಂದ, ನಿಂತ ಗಾಡಿಗಳನ್ನೆಲ್ಲ ಒಂದೊಂದಾಗಿ ದಾಟಿಕೊಂಡು ಹೋದರು. ಹಸಿರು ದೀಪ ಬಿದ್ದು, ಹಿಂದಿನವರು ಹಾರ್ನ್ ಹೊಡೆದು ಬೈದು, ನಾನು ಸ್ಟಾರ್ಟ್ ಮಾಡಿ ಆಚೆ ಬದಿಗೆ ಹೋಗುವಷ್ಟರಲ್ಲಿ ರಸ್ತೆಯ ಎಡಬದಿಯಲ್ಲೂ ಅವರಿರಲಿಲ್ಲ, ಬಲಬದಿಯಲ್ಲೂ ಇರಲಿಲ್ಲ.